ತೆಗೆಯುವ ಕೆಲಸ

ಮೂವತ್ತೈದಕ್ಕೇ ನಿವೃತ್ತಿ ಎಂದರೆ ನಮ್ಮ ಚಿತ್ರದುರ್ಗದಲ್ಲಿ ಯಾರೂ ನಂಬುವುದಿಲ್ಲ. "ಪೆನ್ಷನ್ ಎಷ್ಟ್ ಬರ್ತೈತವ್ವ?" ಎಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರ ಸಿಕ್ಕಾಗಲೆಲ್ಲ ಕಿಚಾಯಿಸುತ್ತಾರೆ. ಪೆನ್ಷನ್ ಬರುವುದಿಲ್ಲ, ಬೆನ್ನುನೋವು ಮಾತ್ರ ತಪ್ಪದೆ ಬರುತ್ತದೆ ಎನ್ನುತ್ತೇನೆ. ಮದುವೆ ಮನೆಗಳಲ್ಲಿ ಫೋಟೋ ತೆಗೆಯುವ ಕೆಲಸ ಬಿಟ್ಟು, ಅಂಗಡಿಯ ಬೋರ್ಡು ಇಳಿಸಿ, ಈಗ ಮಕ್ಕಳಿಗೆ ಭಾಷಣ ಮಾಡುವುದನ್ನು ಹೇಳಿಕೊಡುತ್ತಿದ್ದೇನೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಪಾರಿತೋಷಕಗಳನ್ನು ಹೊತ್ತು ತಂದವಳಿಗೆ ಕೊನೆಗೆ ಅದೇ ಅನ್ನ ಹಾಕುತ್ತಿದೆ.

ಹೋದ ತಿಂಗಳು ಒಂದು ಕಾಲೇಜಿನವರು ಕರೆಸಿ ಛಾಯಾಗ್ರಹಣ ವೃತ್ತಿಯ ಬಗ್ಗೆ ಮಾತಾಡಿಸಿದರು. ಛಲ, ಕನಸು, ತಾಳ್ಮೆ ಎಂದೆಲ್ಲ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಯಾವ ವಿಷಯ ಕೊಟ್ಟರೂ ಪರವಾಗಿ ಮಾತಾಡಬಲ್ಲೆ, ಅಷ್ಟು ತರಬೇತಿ ಆಗಿದೆ. ಹೊರಗೆ ಬಂದಾಗ ಮೂವರು ಹುಡುಗಿಯರು ಬೆನ್ನಿಗೆ ಬಿದ್ದರು. "ಅಕ್ಕಾ, ನಾವೂ ಈ ಲೈನಿಗೆ ಬರಾಣ ಅಂತಿದೀವಿ. ಯಾವ ಕ್ಯಾಮೆರಾ ತಗಳಾಣ?" ಅವರ ಮುಖ ನೋಡಿ ನನಗೆ ನಾಚಿಕೆಯಾಯಿತು. ಇದು ಅವರಿಗಾಗಿ ಬರೆದದ್ದು. ವಿರೋಧ ಪಕ್ಷದ ಭಾಷಣ ಎಂದುಕೊಳ್ಳಲಿ.

ನಾನು ಕೆಲಸ ಕಲಿತದ್ದು ಮಲ್ಲಣ್ಣನವರ ಸ್ಟುಡಿಯೋದಲ್ಲಿ. ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಕ್ಯಾಮೆರಾಗೂ ಒಂದು ಗೆರೆ ಎಳೆದೇ ದಿನ ಶುರು ಮಾಡುವ ಮನುಷ್ಯ. ಸೇರಿದ ದಿನವೇ ಎಚ್ಚರಿಕೆ ಕೊಟ್ಟರು: "ನೋಡವ್ವ, ನಿನ್ನ ಡಿಬೇಟು ಹೊಸಿಲಾಚೆ ಬಿಟ್ಟು ಒಳಗ್ ಬಾ. ಇಲ್ಲಿ ಗಿರಾಕಿ ಹೇಳಿದ್ಕೆ ಎರಡ್ನೇ ಪಕ್ಷ ಇಲ್ಲ."

ಕ್ಯಾಮೆರಾ ಮುಟ್ಟುವ ಮುಂಚೆ ಕಂಪ್ಯೂಟರ್ ಮುಂದೆ ಕೂರಿಸಿದರು. ಕೆಲಸವೆಂದರೆ ಮದುಮಗಳನ್ನು ಬೆಳ್ಳಗೆ ಮಾಡುವುದು. ಹಿರಿಯೂರಿನ ಹುಡುಗಿ, ಹೊಸದುರ್ಗದ ಹುಡುಗಿ, ಬಿಸಿಲಲ್ಲಿ ಬೆಳೆದವಳು, ನೆರಳಲ್ಲಿ ಬೆಳೆದವಳು, ಎಲ್ಲರೂ ನನ್ನ ಕೈ ದಾಟಿ ಹೋಗುವಾಗ ಸಂಕ್ರಾಂತಿಯ ಸಕ್ಕರೆ ಅಚ್ಚುಗಳಂತೆ ಆಗಿರುತ್ತಿದ್ದರು. ಒಮ್ಮೆ ಹಟಕ್ಕೆ ಬಿದ್ದು ಒಬ್ಬಳ ಬಣ್ಣ ಇದ್ದಂತೆಯೇ ಬಿಟ್ಟೆ. ಅವಳ ತಾಯಿ ಆಲ್ಬಮ್ ತೆರೆದವರೇ, "ನಮ್ಮ ಹುಡುಗೀನ ಇಟ್ಟಿಗೆ ಗೂಡ್ನಾಗೆ ಸುಟ್ಟು ತೆಗ್ದೀರೇನ್ರಿ?" ಎಂದರು. ಮಲ್ಲಣ್ಣ ಕೈಮುಗಿದು ಇಡೀ ಆಲ್ಬಮನ್ನು ತಾವೇ ಸುಣ್ಣ ಬಳಿದಂತೆ ಬೆಳಗಿಸಿ ಕೊಟ್ಟರು.

ಹೊಳಲ್ಕೆರೆಯಿಂದ ಒಬ್ಬ ಬಟ್ಟೆ ವ್ಯಾಪಾರಿ ಬಂದಿದ್ದರು. ತೀರಿಕೊಂಡ ಅಪ್ಪನನ್ನು ತಮ್ಮ ಮದುವೆಯ ಗ್ರೂಪ್ ಫೋಟೋದೊಳಗೆ ನಿಲ್ಲಿಸಬೇಕಿತ್ತು. ಕೈಯಲ್ಲಿದ್ದದ್ದು ಗುರುತಿನ ಚೀಟಿಯ ಮಸುಕು ಚಿತ್ರ.

"ಸ್ವಲ್ಪ ನಗ್ತಿರೋ ಹಂಗೆ ಮಾಡ್ರಿ ಮೇಡಂ."

"ನಿಮ್ಮ ಅಪ್ಪಾಜಿ ನಗ್ತಿದ್ರಾ?"

"ಒಂದಿನಾನೂ ಇಲ್ಲ. ಅದಕ್ಕೇ ಹೇಳ್ತಿರೋದು."

ಮಾಡಿಕೊಟ್ಟೆ. ಅವರು ಅಂಗಡಿಯಲ್ಲೇ ಗಳಗಳ ಅತ್ತರು. ಆ ನಗು ಎದುರಿನ ಬೇಕರಿಯವರ ಬಾಯಿಂದ ಕತ್ತರಿಸಿ ಅಂಟಿಸಿದ್ದು. ಇನ್ನೊಬ್ಬರ ಬಾಯಿ ನೋಡಿ ಮಗ ಅಪ್ಪಾ ಎಂದು ಅಳುತ್ತಿದ್ದ. ಮಲ್ಲಣ್ಣ ನನ್ನ ಬೆನ್ನು ತಟ್ಟಿ, "ಪುಣ್ಯದ ಕೆಲ್ಸ ಮಾಡ್ದೆ ಕಣವ್ವ" ಎಂದರು. ಪುಣ್ಯವೋ ಏನೋ, ನನಗೆ ಮಾತ್ರ ಕಳ್ಳತನದಂತೆ ಕಂಡಿತು. ಮಲ್ಲಣ್ಣನವರನ್ನು ಬಿಟ್ಟು ಸ್ವಂತ ಅಂಗಡಿ ಹಾಕಬೇಕೆಂದು ಆವಾಗಲೇ ನಿಶ್ಚಯಿಸಿದ್ದು.

ಸ್ವಂತ ಅಂಗಡಿ ಎಂದ ಮೇಲೆ ಸ್ವಂತ ಮೂರ್ಖತನವೂ ಇರಬೇಕಲ್ಲ. ಇಂಟರ್‌ನೆಟ್ಟಿನಲ್ಲಿ ದೊಡ್ಡ ಊರುಗಳ ಪಂಡಿತರು ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಹೊಗಳುವುದನ್ನು ಕೇಳಿ, ಇದ್ದ ದೊಡ್ಡ ಕ್ಯಾಮೆರಾ, ಲೆನ್ಸು ಎಲ್ಲ ಮಾರಿ ಯಾರೋ ಬಳಸಿ ಬಿಟ್ಟಿದ್ದ ಅಂಥದ್ದೊಂದನ್ನು ತರಿಸಿದೆ. ಬೇರೆ ಕ್ಯಾಮೆರಾಗಳಲ್ಲಿ ಲೆನ್ಸಿನ ಮೂಲಕವೇ ನೋಡುತ್ತೇವೆ. ಇದರಲ್ಲಿ ಮೂಲೆಗೊಂದು ಪುಟ್ಟ ಕಿಟಕಿ. ಅದರೊಳಗೆ ಎದುರಿನವರ ಮುಖ ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸಿ ಎರಡನ್ನೂ ಒಂದರ ಮೇಲೊಂದು ಕೂರಿಸಬೇಕು. ಕೂತಾಗ ಒತ್ತಬೇಕು. ಇದರಿಂದ ಫೋಟೋಗ್ರಾಫರ್ ಮನುಷ್ಯರನ್ನು ನಿಜವಾಗಿ ನೋಡಲು ಕಲಿಯುತ್ತಾನೆಂದು ಪಂಡಿತರ ವಾದ. ಆ ಪಂಡಿತರು ಹಿರಿಯೂರಿನ ಕಲ್ಯಾಣ ಮಂಟಪಕ್ಕೆ ಬಂದಿರಲಿಲ್ಲ.

ಅಲ್ಲಿ ಮೊದಲ ಆಕ್ಷೇಪಣೆ ಅಳತೆಯದು. "ಏನಕ್ಕಾ, ದೊಡ್ಡ ಕ್ಯಾಮೆರಾ ಕಾರ್ನಾಗೇ ಬಿಟ್ಟು ಬಂದ್ರಾ?" ಎರಡನೆಯದು ತಾಳಿ ಕಟ್ಟುವ ಹೊತ್ತಿನದು. ಕಿಟಕಿಯೊಳಗೆ ಎಲ್ಲವೂ ಚೆಂದ ಕಾಣುತ್ತಿತ್ತು, ಒತ್ತಿದೆ, ಒತ್ತಿದೆ. ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲ. ಲೆನ್ಸಿನ ಮೂಲಕ ನೋಡದ ಕ್ಯಾಮೆರಾದಲ್ಲಿ ಇದು ಯಾರಿಗಾದರೂ ಆಗುವ ಅನಾಹುತ. ಹಿಂದೆ ನಿಂತು ಕ್ಯಾಮೆರಾ ಬೆನ್ನಿನ ಪರದೆ ನೋಡುತ್ತಿದ್ದ ಹುಡುಗಿಯ ಸೋದರಮಾವ ಇಡೀ ಮಂಟಪಕ್ಕೆ ಕೇಳುವಂತೆ, "ಏನ್ ತಾಯಿ, ತಾಳಿ ಕಟ್ಟೋ ಟೈಮಿಗೆ ಸರಿಯಾಗಿ ಗ್ರಹಣ ಹಿಡಿಸಿದ್ಯಲ್ಲ!" ಎಂದರು. ಪುರೋಹಿತರು ಗಂಟು ಬಿಚ್ಚಿಸಲಿಲ್ಲ, ಕಟ್ಟಿದಂತೆ ನಟಿಸಲು ಹುಡುಗನನ್ನು ಒಪ್ಪಿಸಿದರು. ಆ ಮದುವೆಯ ತಾಳಿ ಫೋಟೋ ನಟನೆಯದು.

ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಪರದೆ. ಹಾಲುರಾಮೇಶ್ವರಕ್ಕೆ ಹರಕೆ ತೀರಿಸಲು ಬಂದ ಒಂದು ಕುಟುಂಬವನ್ನು ಮೆಟ್ಟಿಲ ಮೇಲೆ ಕೂರಿಸಿ ಮೊದಲ ಫೋಟೋ ತೆಗೆದೆ. ಒಂದು ಮಗು ಆಕಳಿಸುತ್ತಿತ್ತು, ಅಜ್ಜಿ ಅದರ ಬಾಯಿಗೆ ಕೈ ಅಡ್ಡ ಹಿಡಿದಿದ್ದರು, ಸೊಸೆಯರು ನಗು ತಡೆದುಕೊಂಡಿದ್ದರು. ಒತ್ತಿದ್ದೇ ತಡ, ಎಲ್ಲರೂ ಎದ್ದು ನನ್ನ ಹಿಂದಕ್ಕೆ ಬಂದರು. "ತೋರ್ಸು, ತೋರ್ಸು." "ಅಯ್ಯ, ನನ್ ಕಣ್ಣು ಮುಚ್ಚೈತೆ." "ಇದನ್ನ ಅಳಿಸ್ಬಿಡ್ರಿ." ಮತ್ತೆ ಕೂತರು, ಮತ್ತೆ ಎದ್ದರು. ಕೊನೆಗೆ ಒಪ್ಪಿಗೆಯಾದ ಫೋಟೋದಲ್ಲಿ ಎಲ್ಲರ ಕಣ್ಣೂ ತೆರೆದಿದೆ, ಯಾರೂ ಏನನ್ನೂ ನೋಡುತ್ತಿಲ್ಲ. ಆ ಅಜ್ಜಿಯ ಕೈ ನನ್ನೆದುರಿಗೇ ಅಳಿಸಿಹೋಯಿತು. ನಾನೇ ಅಳಿಸಿದೆ.

ಪರದೆಯ ಮೇಲೆ ಕಪ್ಪು ಟೇಪ್ ಅಂಟಿಸಿ ನೋಡಿದೆ. "ಕ್ಯಾಮೆರಾ ಒಡ್ದೈತೆ, ಮುಚ್ಕಂಡು ಬಂದವ್ಳೆ" ಎಂದು ಸುದ್ದಿಯಾಯಿತು. ಹಳೆಯ ಕ್ಯಾಮೆರಾದ ಮೈ, ಹೊಸ ಕ್ಯಾಮೆರಾದ ಬೆನ್ನು. ಅತ್ತ ವೇಗವಿಲ್ಲ, ಇತ್ತ ಸಮಾಧಾನವಿಲ್ಲ. ಬಂದ ಬೆಲೆಗೆ ಮಾರಿ ಹೊಸದುರ್ಗದಲ್ಲಿ ಬಾಗಿಲು ಹಾಕಿದ್ದ ಹಳೆಯ ಸ್ಟುಡಿಯೋ ಒಂದರಿಂದ ರೀಲ್ ಹಾಕುವ ರೇಂಜ್‌ಫೈಂಡರ್ ತಂದೆ. ಬ್ಯಾಟರಿ ಇಲ್ಲ, ಪರದೆ ಇಲ್ಲ, ಎದುರು ಮಾತಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಫಿಲ್ಮಿಗೆ ಆತ್ಮವಿದೆ ಎನ್ನುವವರನ್ನು ನಂಬಬೇಡಿ. ಫಿಲ್ಮಿಗಿರುವುದು ಬೆಳ್ಳಿಯ ಉಪ್ಪು, ಪ್ರಾಣಿ ಮೂಳೆ ಬೇಯಿಸಿದ ಅಂಟು. ಎರಡನೆಯದನ್ನು ನಮ್ಮ ಕಡೆಯ ಶರಣರ ಮನೆಗಳಲ್ಲಿ ಬಾಯಿಬಿಡದಿರುವುದು ಕ್ಷೇಮ. ಅದೇನೂ ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿಲ್ಲ. ನಾನು ಅದಕ್ಕೆ ಮರಳಿದ್ದು ಒಂದೇ ಕಾರಣಕ್ಕೆ. "ತೋರ್ಸು" ಎಂದರೆ "ಆಗಲ್ಲ" ಎನ್ನಬಹುದಿತ್ತು. ತೆಗೆದದ್ದು ತೆಗೆದಂತೆ ಉಳಿಯುತ್ತಿತ್ತು.

ಉಳಿಸಿಕೊಳ್ಳುವುದು ಸುಲಭವಿರಲಿಲ್ಲ. ನಮ್ಮ ಕೊಳವೆಬಾವಿಯ ನೀರಿನಲ್ಲಿ ತೊಳೆದರೆ ನೆಗೆಟಿವ್ ಒಣಗಿದ ಮೇಲೆ ಮುಖಗಳಿಗೆಲ್ಲ ಸಿಡುಬು ಎದ್ದಂತೆ ಕಲೆ. ಕೊನೆಯ ತೊಳೆತಕ್ಕೆ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ಹಿಡಿದು ತರುತ್ತಿದ್ದೆ. ಬೇಸಿಗೆಯಲ್ಲಿ ನಲ್ಲಿಯಲ್ಲೇ ಕಾದ ನೀರು ಬರುವುದರಿಂದ ರೀಲ್ ತೊಳೆಯುವ ಔಷಧಿಯ ಬಾಟಲಿಗಳನ್ನು ಮಣ್ಣಿನ ಮಡಕೆಯೊಳಗಿಟ್ಟು ತಣ್ಣಗೆ ಮಾಡುತ್ತಿದ್ದೆ. "ಮನೇರಿಗಿಲ್ಲದ ತಣ್ಣೀರು ರೀಲಿಗೆ!" ಎಂದು ಅಮ್ಮ ಗೊಣಗುತ್ತಿದ್ದಳು.

ಆ ರೀಲೆಂಬ ಪದವೂ ನನ್ನನ್ನು ಬಿಡಲಿಲ್ಲ. "ರೀಲ್ ಕ್ಯಾಮೆರಾದವ್ರು" ಎಂದು ಯಾರೋ ಹೇಳಿದ್ದನ್ನು ಕೇಳಿ ಒಂದು ಜೋಡಿ ಮಾರಿಕಣಿವೆಗೆ ಕರೆಸಿಕೊಂಡಿತು. ಡ್ಯಾಮಿನ ಮುಂದೆ ಹುಡುಗಿ ನೆಲ ಗುಡಿಸುವ ಗೌನು ಹಾಕಿಕೊಂಡು ಕುಣಿಯುತ್ತಿದ್ದಾಳೆ, ಹುಡುಗ ಕರಿ ಕನ್ನಡಕ ತೆಗೆದು ಹಾಕಿ ಮಾಡುತ್ತಿದ್ದಾನೆ. ನಾನು ಒಂದು ಸಲ ಒತ್ತಿ, ರೀಲು ಸುತ್ತುವ ಹಿಡಿ ತಿರುಗಿಸಿ, ಇನ್ನೊಂದು ಸಲ ಒತ್ತಿದೆ.

"ಅಕ್ಕಾ, ಮ್ಯೂಸಿಕ್ ಯಾವಾಗ ಹಾಕ್ತೀರಿ? ಸಂಜಿಗೆ ರೀಲು ಬರ್ತೈತಲ್ಲ?" ಎಂದ ಹುಡುಗ.

"ಇದು ಮೊಬೈಲಲ್ಲಿ ಓಡೋ ರೀಲಲ್ಲಪ್ಪ. ಇದ್ರೊಳಗೆ ಸುತ್ತಿಟ್ಟಿರೋ ರೀಲು. ತೊಳೀಬೇಕು, ಒಣಗಿಸ್ಬೇಕು. ವಾರ ಆಗುತ್ತೆ."

ಅವನು ಹುಡುಗಿಯ ಕಡೆ ತಿರುಗಿ, "ಬಾರೇ ಹೋಗಾಣ, ಈವಕ್ಕ ರೀಲ್ ಬಿಡ್ತವ್ಳೆ" ಎಂದ.

ಗಿರಾಕಿಗಳು ಕಡಿಮೆಯಾದರು. ಉಳಿದವರಲ್ಲಿ ಯಲ್ಲದಕೆರೆಯ ಕಾವ್ಯ ಒಬ್ಬಳು. ಅವಳ ಅಪ್ಪ ಈರಣ್ಣ ಕುರಿ ಸಾಕುವ ಮನೆತನದವರು. ಹೊಳಲ್ಕೆರೆಯ ಒಂದು ಅನುಕೂಲಸ್ಥರ ಮನೆಗೆ ಅವಳ ಮದುವೆ ಗೊತ್ತಾಗಿತ್ತು. ತಾನೇ ಫೋನ್ ಮಾಡಿದಳು. "ಅಕ್ಕಾ, ಕಲರಿಗೆ, ವಿಡಿಯೋಕ್ಕೆ ಬೇರೆಯವ್ರು ಅವ್ರೆ. ನನಗೆ ಒಂದೇ ಒಂದು ಕಪ್ಪು-ಬಿಳಿ ಗ್ರೂಪ್ ಫೋಟೋ ಬೇಕು. ನಮ್ಮಮ್ಮನ ಮದುವೇದು ಐತಲ್ಲ, ಹಂಗೆ." ಅವಳಿಗೆ ತಿಳಿವಳಿಕೆ ಬರುವ ಮುಂಚೆಯೇ ತಾಯಿ ತೀರಿಕೊಂಡಿದ್ದರು. ಸಾಕಿದ್ದು ಸೋದರತ್ತೆ ಜಯಮ್ಮ, ಈರಣ್ಣನ ತಂಗಿ. ಮದುವೆಯಾದ ವರ್ಷದೊಳಗೆ ಗಂಡನನ್ನು ಬಿಟ್ಟು ತವರಿಗೆ ಬಂದು, ಮತ್ತೆ ಅತ್ತ ತಿರುಗಿ ನೋಡದ ಹೆಂಗಸು. ಯಾಕೆಂದು ಕೇಳಿದವರಿಗೆಲ್ಲ, "ಅಲ್ಲಿ ಸಾರಿಗೆ ಉಪ್ಪು ಜಾಸ್ತಿ" ಎಂದು ಒಂದೇ ಉತ್ತರ.

ಚಪ್ಪರದ ದಿನ ನಾನು ಅವರ ಮನೆಯ ಮುಂದೆ ಬೆಳಕು ನೋಡುತ್ತ ನಿಂತಿದ್ದಾಗ ಜಯಮ್ಮ ಹೊಸ ಸೀರೆಯ ನಿರಿಗೆ ಸರಿಪಡಿಸಿಕೊಳ್ಳುತ್ತ ಹತ್ತಿರ ಬಂದರು.

"ಎಲ್ಲಿ ನಿಂತ್ಕಂಡ್ರೆ ಚೆನ್ನಾಗಿ ಬೀಳ್ತೀನವ್ವ?"

"ಎಲ್ಲಿ ನಿಂತ್ರೂ ಬೀಳ್ತೀರಿ."

"ತುದೀಗೆ ಬ್ಯಾಡ ಮತ್ತೆ. ಆ ಫೋಟ ಕಾವ್ಯನ ಗಂಡನ ಮನೆ ಗೋಡೆಗೆ ಹಾಕ್ತಾರಂತೆ. ನನ್ನ ಆ ಮನೆ ಹೊಸಿಲು ತುಳಿಯಕ್ ಬಿಡಲ್ಲ ಅವ್ರು. ಗಂಡನ್ನ ಬಿಟ್ಟೋಳ ಕೈಯಾಗೆ ಬೆಳೆದ ಹುಡುಗಿ ಅಂತ ಆಗ್ಲೇ ಕೊಂಕು ತೆಗ್ದವ್ರೆ. ಫೋಟದಾಗಾದ್ರೂ ಹೋಗಿ ಗೋಡೆ ಮ್ಯಾಲೆ ಇರ್ತೀನಿ. ಹುಡುಗಿ ಬೆಳಗ್ಗೆ ಎದ್ದು ಕಸ ಗುಡಿಸ್ವಾಗ ಒಂದ್ಸಲ ನೋಡಿದ್ರೆ ಸಾಕು."

ಅವರನ್ನು ನಡುವೆ, ಕಾವ್ಯಳ ಪಕ್ಕದಲ್ಲೇ ನಿಲ್ಲಿಸಿದೆ. ಕಾವ್ಯ ಹೇಳಿಸಿಕೊಳ್ಳದೆಯೇ ಅತ್ತೆಯ ಭುಜಕ್ಕೆ ತಲೆ ವಾಲಿಸಿದಳು. ಕಿಟಕಿಯೊಳಗೆ ಜಯಮ್ಮನ ಎರಡು ಮುಖಗಳನ್ನು ಒಂದು ಮಾಡುತ್ತಿದ್ದೆ. ಅಷ್ಟರಲ್ಲಿ ಈರಣ್ಣ ಹೆಗಲ ಟವೆಲ್ಲು ಸರಿಮಾಡಿಕೊಳ್ಳುವ ನೆಪದಲ್ಲಿ ನನ್ನ ಹತ್ತಿರ ಬಂದು ಮೆಲ್ಲಗೆ, "ಜಯಮ್ಮನ್ನ ತೆಗೀರಿ ತಾಯಿ" ಎಂದರು.

"ತೆಗೀತೀನಿ ಬಿಡ್ರಿ."

"ಮರೀಬ್ಯಾಡ್ರಿ."

"ಚೆನ್ನಾಗಿ ತೆಗೀತೀನಿ ಈರಣ್ಣಾರೆ."

ಅವರು ಕೈಮುಗಿದು ಹೋಗಿ ತಮ್ಮ ಜಾಗದಲ್ಲಿ ನಿಂತರು. ಗಂಡು ದಿಕ್ಕಿಲ್ಲದ ತಂಗಿಯ ಮೇಲೆ ಎಂಥ ಅಕ್ಕರೆ ಎಂದುಕೊಂಡೆ. ಆಮೇಲೆ ಹಲವರ ಹತ್ತಿರ ಇದನ್ನು ಉದಾಹರಣೆಯಾಗಿ ಹೇಳಿಕೊಂಡೂ ಬಂದೆ.

ಪ್ರಿಂಟ್ ಒಯ್ಯಲು ಅಂಗಡಿಗೆ ಬಂದ ಈರಣ್ಣ ಅದನ್ನು ನೋಡಿದವರೇ ಸ್ಟೂಲು ಎಳೆದುಕೊಂಡು ಕೂತರು.

"ತೆಗೀರಿ ಅಂದಿದ್ನಲ್ಲಮ್ಮ."

"ತೆಗೆದಿದೀನಲ್ಲ. ಎಷ್ಟು ಲಕ್ಷಣವಾಗಿ ಬಂದಿದಾರೆ ನೋಡ್ರಿ."

"ಅಯ್ಯೋ, ಆ ತೆಗ್ಯೋದಲ್ಲ! ಈ ತೆಗ್ಯೋದು." ಬೆರಳಿನಿಂದ ಮೇಜಿನ ಮೇಲಿನ ಏನನ್ನೋ ಒರೆಸಿಹಾಕುವಂತೆ ಮಾಡಿ ತೋರಿಸಿದರು.

ಕ್ಯಾಮೆರಾ ಕೆಲಸಕ್ಕೂ ಕಸ ತೆಗೆಯುವುದಕ್ಕೂ ಕನ್ನಡದಲ್ಲಿ ಒಂದೇ ಪದವಿದೆ ಎನ್ನುವುದು ಅಷ್ಟು ವರ್ಷ ಈ ಕೆಲಸ ಮಾಡಿದ ನನಗೆ ಆವರೆಗೆ ಹೊಳೆದಿರಲಿಲ್ಲ. ಅವರಿಗೆ ಹೊಳೆಯುವ ಅಗತ್ಯವೇ ಇರಲಿಲ್ಲ. ಮದುವೆ ಫೋಟೋದವರು ಎರಡನ್ನೂ ಮಾಡುತ್ತಾರೆಂದು ಅವರ ಲೆಕ್ಕ, ಲೆಕ್ಕ ತಪ್ಪೂ ಅಲ್ಲ.

"ಬೇಡವಾಗಿದ್ರೆ ಅವತ್ತೇ ಪಕ್ಕಕ್ಕೆ ನಿಂತ್ಕೋ ಅಂತ ನಿಮ್ಮ ತಂಗಿಗೆ ಹೇಳ್ಬೇಕಿತ್ತು" ಎಂದೆ.

"ಹೆಂಗ್ ಹೇಳ್ಲಿ? ಅವ್ಳೇ ಸಾಕಿದ ಮಗಳು. ಎದ್ರಿಗೆ ಆಚೆ ಹೋಗು ಅನ್ನಕ್ಕಾಗ್ತೈತಾ? ಅದಕ್ಕೇ ಅಲ್ವಾ ನಿಮ್ಮ ಕಿವ್ಯಾಗೆ ಹೇಳಿದ್ದು. ಬೀಗರು ಒಂದೇ ಹಟ ಹಿಡ್ದವ್ರೆ, ಆಕೆ ಮುಖ ನಮ್ಮ ಗೋಡೆ ಮ್ಯಾಲೆ ಬ್ಯಾಡ ಅಂತ. ಕಂಪೂಟರ್ನಾಗೆ ತೆಗ್ದುಬಿಡ್ರಿ."

ಇದು ನನ್ನನ್ನು ಇವತ್ತಿಗೂ ಕೆರಳಿಸುತ್ತದೆ. ಎದುರಿಗೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವ ದಾಕ್ಷಿಣ್ಯ, ಮರೆಯಲ್ಲಿ ಅಳಿಸಿಹಾಕುವ ಧೈರ್ಯ, ಎರಡನ್ನೂ ಒಬ್ಬನೇ ಮನುಷ್ಯನಿಗೆ ಒದಗಿಸಿಕೊಟ್ಟವರು ನಾವು, ಫೋಟೋದವರು. ಮೊದಲಾಗಿದ್ದರೆ ಬೇಡದವಳನ್ನು ಮುಖ ನೋಡಿಯೇ ಬೇಡವೆನ್ನಬೇಕಿತ್ತು. ಅವಳು ಎದುರಾಡಬಹುದಿತ್ತು, ಅಳಬಹುದಿತ್ತು, ಉಗಿಯಬಹುದಿತ್ತು. ನಾವು ಆ ಜಗಳವನ್ನೂ ತಪ್ಪಿಸಿಕೊಟ್ಟೆವು. ಈರಣ್ಣನಿಗೆ ಇದನ್ನೆಲ್ಲ ಒಂದೊಂದಾಗಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು.

"ನೀವ್ ಹೇಳೋದೆಲ್ಲ ನ್ಯಾಯ ಐತೆ ತಾಯಿ. ನ್ಯಾಯ ತಗಂಡು ನನ್ ಮಗಳು ಅಲ್ಲಿ ಬಾಳಕ್ಕಾಗ್ತೈತಾ?"

"ರೀಲಿಂದು, ತೆಗೆಯೋಕಾಗಲ್ಲ" ಎಂದು ಪ್ರಿಂಟ್ ಕೊಟ್ಟು ಕಳಿಸಿದೆ. ಗೆದ್ದೆ ಎಂದೇ ಅಂದುಕೊಂಡಿದ್ದೆ.

ಕಾವ್ಯಳ ಸೀಮಂತಕ್ಕೆ ಕರೆ ಬಂತು, ಫೋಟೋಗಲ್ಲ, ಊಟಕ್ಕೆ. ಹೊಳಲ್ಕೆರೆಯ ಆ ಮನೆಯ ಹಜಾರದಲ್ಲಿ ನನ್ನ ಫೋಟೋ ದೊಡ್ಡ ಫ್ರೇಮಿನಲ್ಲಿ ತೂಗುತ್ತಿತ್ತು. ಕಾವ್ಯಳ ತಲೆ ವಾಲಿಯೇ ಇತ್ತು. ಅದನ್ನು ಆನಿಸಿಕೊಂಡಿದ್ದ ಭುಜವಿರಲಿಲ್ಲ. ಹಿರಿಯೂರಿನಲ್ಲಿ ಯಾರೋ ಪ್ರಿಂಟನ್ನು ಸ್ಕ್ಯಾನ್ ಮಾಡಿ ಕೆಲಸ ಮುಗಿಸಿದ್ದರು. ನೆಗೆಟಿವ್ ನನ್ನ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಅದನ್ನು ಕೇಳಿದವರಾದರೂ ಯಾರು?

"ಇದು ನೀವೇ ತೆಗ್ದಿದ್ದಂತಲ್ಲ, ಭಾರಿ ಚೆನ್ನಾಗೈತೆ, ಬರ್ರಿ, ಕುಂತ್ಕಳ್ರಿ" ಎಂದರು ಮನೆಯ ಯಜಮಾನಿ. ನಾನು ಬಾಯಿ ತೆರೆಯುವುದನ್ನು ಕಂಡ ಕಾವ್ಯ ಬಳೆಗಳ ಕೈಯಿಂದ ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆದಳು. "ವಾದ ಮಾಡಬ್ಯಾಡ್ರಿ ಅಕ್ಕಾ. ನೀವು ಉಂಡು ಹೋಗ್ತೀರಿ. ನಾನು ಇಲ್ಲೇ ಇರ್ಬೇಕು." ಉಂಡು ಬಂದೆ.

ಆ ವಾರ ನೆಗೆಟಿವ್‌ನಿಂದ ಇನ್ನೊಂದು ಪ್ರಿಂಟ್ ಮಾಡಿದೆ. ನೀರಿನ ಕಲೆಯಿಲ್ಲದ, ಕಪ್ಪು ಕಪ್ಪಾಗಿ ಬಿಳಿ ಬಿಳಿಯಾಗಿ ಕೂತ ಪ್ರಿಂಟ್, ಅಷ್ಟು ಚೆನ್ನಾಗಿ ನಾನು ಇನ್ಯಾವುದನ್ನೂ ಮಾಡಿಲ್ಲ. ಬಸ್ಸು ಹತ್ತಿ ಯಲ್ಲದಕೆರೆಗೆ ಹೋದೆ. ಜಯಮ್ಮ ಕುರಿ ರೊಪ್ಪದಲ್ಲಿ ಗೊಬ್ಬರ ಬಳಿಯುತ್ತಿದ್ದರು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅಂಚು ಹಿಡಿದು ನೋಡಿದರು.

"ಸೀಮಂತಕ್ಕೆ ಹೋಗಿದ್ಯಂತಲ್ಲ. ಅಲ್ಲಿ ಗೋಡೆ ಮ್ಯಾಲೆ ಇದೇ ಐತೇನವ್ವ?"

ಚರ್ಚಾಸ್ಪರ್ಧೆಯಲ್ಲಿ ನನಗೆ ಯಾವತ್ತೂ ಗಂಟೆ ಬಾರಿಸುವ ಮುಂಚೆ ಮಾತು ಖಾಲಿಯಾಗಿದ್ದಿಲ್ಲ. ಅವತ್ತು ಒಂದೇ ಶಬ್ದ ಹೇಳಿದೆ.

"ಇಲ್ಲ."

ಅವರು ಫೋಟೋವನ್ನು ನನ್ನ ಕೈಗೇ ವಾಪಸ್ ಕೊಟ್ಟರು.

"ಇಟ್ಕಳ್ರಿ, ನಿಮಗೇ ಅಂತ ಮಾಡಿದ್ದು."

"ನನ್ ಮುಖ ನಂಗೇನ್ ಮರ್ತೋಗೈತಾ? ಇದು ಅಲ್ಲಿಗೆ ಬೇಕಿತ್ತು." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ಐತೆ ಅಂದಿದ್ರೆ ನಿನ್ ಗಂಟೇನ್ ಹೋಗ್ತಿತ್ತೇ?" ಎಂದರು.

ನಾನು ಹೇಳಿದ್ದು ತಪ್ಪೆಂದು ಈಗಲೂ ಒಪ್ಪುವುದಿಲ್ಲ. ಯಾವ ವೇದಿಕೆಯ ಮೇಲೆ ಬೇಕಾದರೂ ಸಮರ್ಥಿಸುತ್ತೇನೆ. ಆದರೆ ಹೆಗಲಿಗೆ ಬ್ಯಾಗ್ ಏರಿಸಿಕೊಂಡು ರೊಪ್ಪದ ಬಾಗಿಲ ತನಕ ಬಂದವಳು ಅಲ್ಲೇ ತಿರುಗಿ ನಿಂತೆ. ಜಯಮ್ಮ ಬಗ್ಗಿ ಮತ್ತೆ ಗೊಬ್ಬರ ಬಳಿಯತೊಡಗಿದ್ದರು. ತಲೆಯೆತ್ತದೆ ಕೇಳಿದರು:

"ನನ್ ಜಾಗದಾಗೆ ಏನಿಟ್ಟವ್ರೆ?"

"ಒಂದು ಹೂವಿನ ಕುಂಡ."

"ಪ್ಲಾಸ್ಟಿಕ್ ಹೂವಾ?"

"ಹಂಗೇ ಕಾಣ್ತಿತ್ತು."

"ಒಳ್ಳೇದೇ ಆತು ಬಿಡು" ಎಂದರು. "ಅದಕ್ಕೆ ಯಾರೂ ನೀರು ಹಾಕೋ ಕಷ್ಟ ಇಲ್ಲ."